ಏಳರ ಬಾಲ, ಎಂಟರ ತಲೆ

ಚಳಿಗಾಲ ಹೊರಟುನಿಂತ ನೆಂಟನ ಹಾಗೆ ಹೊಸ್ತಿಲಲ್ಲೇ ನಿಂತು ಮಾತು ಬೆಳೆಸುತ್ತಿತ್ತು. ಹಗಲು ಬೆಚ್ಚಗಾಗತೊಡಗಿದ್ದರೂ ಬೆಳಗಿನ ಹೊತ್ತು ಹಾಲಿನ ಕ್ಯಾನಿನ ಹಿಡಿಕೆ ಮುಟ್ಟಿದರೆ ಬೆರಳು ಮರಗಟ್ಟುತ್ತಿತ್ತು. ಅವನು ಒಂದೊಂದೇ ಕ್ಯಾನನ್ನು ಮೊಣಕಾಲಿಗೆ ಆನಿಸಿ, ತೊಡೆಯಿಂದ ಒಂದು ನೂಕು ಕೊಟ್ಟು ವ್ಯಾನಿನ ಹಿಂಬದಿಗೆ ಏರಿಸುತ್ತಿದ್ದ. ಇಷ್ಟು ವರ್ಷದ ಅಭ್ಯಾಸ. ಕೈಕಾಲು ತಮ್ಮ ಪಾಡಿಗೆ ತಾವು ದುಡಿಯುತ್ತಿದ್ದವು, ತಲೆ ಮಾತ್ರ ಅವುಗಳ ಜೊತೆಗಿರಲಿಲ್ಲ. ಎರಡು ಕ್ಯಾನು ಏರಿಸುವುದು, ಮುಂದಕ್ಕೆ ಹೋಗಿ ಕಿಟಕಿಯಲ್ಲಿ ತಲೆ ತೂರಿಸಿ ಮೀಟರು ನೋಡುವುದು, ಮತ್ತೆ ಬಂದು ಎರಡು ಕ್ಯಾನು ಏರಿಸುವುದು. ನಿಂತ ಗಾಡಿಯ ಮೀಟರು ಓಡುವುದಿಲ್ಲ ಎನ್ನುವುದು ಅವನಿಗೆ ತಿಳಿಯದ ಸಂಗತಿಯೇನಲ್ಲ. ಆದರೂ ಒಲೆಯ ಮೇಲೆ ಹಾಲಿಟ್ಟವರಿಗೆ ಬೇರೆ ಕಡೆ ಕಣ್ಣು ನಿಲ್ಲುತ್ತದೆಯೇ.

“ಏನೋ ಎರಡ್ನಿಮಿಷ, ಒಳಗೆ ಯಾರನ್ನಾದ್ರೂ ಬಚ್ಚಿಟ್ಟಿದ್ದೀಯಾ? ಇಣುಕಿ ಇಣುಕಿ ನೋಡ್ತಿದ್ದೀಯಲ್ಲ” ಎಂದ ಹಾಲು ಅಳೆಯುವ ಮುದುಕ.

“ನನ್ನನ್ನೇ ಬಚ್ಚಿಡೋಕೆ ಜಾಗ ಇಲ್ಲ ಈ ಗಾಡೀಲಿ, ಇನ್ಯಾರನ್ನ ಬಚ್ಚಿಡ್ಲಿ ಮಾವ?”

ಎರಡ್ನಿಮಿಷ ಅವನ ಹೆಸರಲ್ಲ, ಊರವರು ಇಟ್ಟದ್ದು. ಯಾರು ಕೈ ತೋರಿಸಿದರೂ ಬ್ರೇಕು ಒತ್ತುವವನು, ಯಾರ ಮೇವಿನ ಚೀಲವನ್ನಾದರೂ ಯಾರ ಕೊಟ್ಟಿಗೆಗಾದರೂ ಮುಟ್ಟಿಸುವವನು. ಒಳಗೆ ಕೂತವರು ಗೊಣಗಿದರೆ ‘ಎರಡೇ ನಿಮಿಷ’ ಎನ್ನುತ್ತಿದ್ದ. ಉಪಕಾರಿ ಎಂದು ಮೆಚ್ಚುವವರಿದ್ದರು. ಆದರೆ ಊರಿಗೆಲ್ಲ ಉಪಕಾರಿಯಾದವನ ಮನೆಯವರು ಏನೇನು ಕಾಯಬೇಕಾಗುತ್ತದೆ ಎಂಬುದನ್ನು ಮೆಚ್ಚುವವರು ಕೇಳುವುದಿಲ್ಲ.

ಕೊನೆಯ ಕ್ಯಾನು ಏರಿತು. ಮೀಟರು ೧೪೨೮೪೮ ತೋರಿಸುತ್ತಿತ್ತು. ಇಲ್ಲಿಂದ ಅಕ್ಕನ ಮನೆಯ ಬಾಗಿಲಿಗೆ ಒಂಬತ್ತು ಕಿಲೋಮೀಟರು, ಒಂದು ಗೇಣು ಹೆಚ್ಚಿಲ್ಲ, ಒಂದು ಗೇಣು ಕಮ್ಮಿಯಿಲ್ಲ. ಈ ಲೆಕ್ಕ ಕೂಡಿಬರಲೆಂದೇ ನಿನ್ನೆ ಸಂಜೆ ಡೈರಿಯ ಅಂಗಳದಲ್ಲಿ ಸುಮ್ಮನೆ ಸುತ್ತು ಹೊಡೆದಿದ್ದ. ಬ್ರೇಕು ಹೋಗಿದೆಯೆಂದು ತಿಳಿದ ಕಾವಲುಗಾರ ಕೂಗಿಕೊಂಡು ಮರದ ಹಿಂದೆ ಅಡಗಿದ್ದ. ಸರಿಯಾಗಿ ಹೋದರೆ ಅಕ್ಕನ ಬಾಗಿಲಲ್ಲಿ ವ್ಯಾನು ನಿಲ್ಲುವುದಕ್ಕೂ ಮೀಟರಿನ ಕೊನೆಯ ಮನೆಯಲ್ಲಿ ಆರು ಹೋಗಿ ಏಳು ಬಂದು ಕೂರುವುದಕ್ಕೂ ಸರಿಹೋಗಬೇಕು. ಒಂದು, ನಾಲ್ಕು, ಎರಡು, ಎಂಟು, ಐದು, ಏಳು. ಅವನು ಕೀಲಿ ತಿರುಗಿಸಿದ. ಇವತ್ತು ದಾರಿಯಲ್ಲಿ ಯಾರು ಕೈ ತೋರಿಸಿದರೂ ನಿಲ್ಲಿಸುವುದಿಲ್ಲ ಎಂದು ಹಲ್ಲುಕಚ್ಚಿಕೊಂಡು ಹೊರಟ.

ಆ ಸಂಖ್ಯೆ ಅಕ್ಕನದು. ಬೇರೆ ಹುಡುಗಿಯರು ಬಳೆಚೂರು ಕೂಡಿಡುವ ವಯಸ್ಸಿನಲ್ಲಿ ಅಕ್ಕ ಅದನ್ನು ಎಲ್ಲಿಂದಲೋ ಹಿಡಿದು ತಂದು ಸಾಕಿಕೊಂಡಿದ್ದಳು. ಎಲ್ಲಿಂದ ಎಂದು ಎಷ್ಟು ಪೀಡಿಸಿದರೂ ಹೇಳಿರಲಿಲ್ಲ. ಅವಳು ಹೇಳಿಕೊಟ್ಟದ್ದು ಅದರ ಆಟ. ಅದನ್ನು ಎರಡರಿಂದ ಗುಣಿಸು ಅಂದಳು: ೨೮೫೭೧೪. ಮೂರರಿಂದ: ೪೨೮೫೭೧. ನೋಡಿದೆಯೇನೋ, ಅದೇ ಆರು ಎತ್ತು, ಕಣದಲ್ಲಿ ಕಂಬಕ್ಕೆ ಕಟ್ಟಿ ತಿರುಗಿಸ್ತಾ ಇದ್ದೀವಿ, ಯಾವುದೂ ಸಾಲು ಬಿಡಲ್ಲ, ಮುಂದೆ ಕಾಣೋದು ಮಾತ್ರ ಬೇರೆ. ನಾಲ್ಕಕ್ಕೆ ಐದು ಮುಂದೆ, ಐದಕ್ಕೆ ಏಳು ಮುಂದೆ, ಆರಕ್ಕೆ ಎಂಟು ಮುಂದೆ. ಒಂದರ ಹಿಂದೆ ಯಾವಾಗಲೂ ನಾಲ್ಕು, ನಾಲ್ಕರ ಹಿಂದೆ ಎರಡು. ಅವನಿಗೆ ಆಗ ಮಗ್ಗಿ ಹತ್ತರ ಮೇಲೆ ಬರುತ್ತಿರಲಿಲ್ಲ. ಏಳರಿಂದ ಗುಣಿಸಿದಾಗ ಮತ್ತೆ ತಿರುಗುತ್ತವೆಂದು ಬಾಯಿ ತೆರೆದು ಕಾದ. ೯೯೯೯೯೯. ಎತ್ತೆಲ್ಲ ಏನಾದವು ಎಂದು ಅಳುವ ಹಾಗಾದ. ಕೆಲಸ ಮುಗೀತಲ್ಲ, ಮಲಗಿದ್ವು ಎಂದು ಅಕ್ಕ ನಕ್ಕಿದ್ದಳು. ನಡುವೆ ಕಡಿದು ಕೂಡಿಸಿದರೂ ಅಷ್ಟೆ: ೧೪೨ಕ್ಕೆ ೮೫೭ ಸೇರಿಸಿದರೆ ೯೯೯. ಅಂಥ ಅಚ್ಚುಕಟ್ಟು ಅವನು ಮುಂದೆ ಯಾವ ಯಂತ್ರದಲ್ಲೂ ಕಾಣಲಿಲ್ಲ, ಈ ವ್ಯಾನಿನಲ್ಲಂತೂ ಇಲ್ಲವೇ ಇಲ್ಲ. ಇದರ ಬಲಗಡೆಯ ಬಾಗಿಲು ಮುಚ್ಚಬೇಕಾದರೆ ಎಡಗಡೆಯದನ್ನು ತೆರೆದಿರಬೇಕು.

ಅಕ್ಕ ಹೊಲಿಗೆ ಕಲಿತಳು, ಮದುವೆಯಾಯಿತು, ಭಾವ ಹೋದ ಮೇಲೆ ರಸ್ತೆಯ ತಿರುವಿನಲ್ಲಿ ಒಂದು ಕೋಣೆ ಹಿಡಿದು ಹೊಲಿಗೆ ಯಂತ್ರ ಹಾಕಿಕೊಂಡಳು. ಸಂಖ್ಯೆಗಳ ಚಟ ಬಿಡಲಿಲ್ಲ. ಎರಡು ವರ್ಷದ ಹಿಂದೆ ಪೇಟೆಯ ಪತ್ರಿಕೆಯವರು ಅಂಕಿಗಳ ಒಗಟು ಕೊಟ್ಟಾಗ ಅವಳಿಗೆ ಮೊದಲ ಬಹುಮಾನ ಬಂತು. ಪುರಭವನದಲ್ಲಿ ಸಭೆ, ಬಹುಮಾನ ಕೊಡುವುದು ಹತ್ತು ಗಂಟೆಗೆ. ನಾನು ಕರ್ಕೊಂಡು ಹೋಗ್ತೀನಿ, ಬಸ್ಸಿಗೆ ಯಾಕೆ ಕಾಯ್ತೀಯ ಅಂದವನು ಅವನೇ. ಅಕ್ಕ ತಾನೇ ಹೊಲಿದ ಹೊಸ ಬಟ್ಟೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ಮುಂದಿನ ಸೀಟಿನಲ್ಲಿ ಡೈರಿಯ ಕಾರ್ಯದರ್ಶಿ ಕೂತಿದ್ದರು, ದಾರಿಯಲ್ಲಿ ಕೈ ತೋರಿಸಿದ್ದರು; ಕಾರ್ಯದರ್ಶಿಯನ್ನು ಇಳಿಸಲಾಗುತ್ತದೆಯೇ. ಅಕ್ಕ ಹಿಂದೆ ಕ್ಯಾನುಗಳ ನಡುವೆ ಕೂತಳು. ಎರಡೇ ನಿಮಿಷ ಅಂತ ಒಂದು ಕಡೆ, ಎರಡೇ ನಿಮಿಷ ಅಂತ ಇನ್ನೊಂದು ಕಡೆ. ಯಾವುದೋ ಹಳ್ಳಕ್ಕೆ ಚಕ್ರ ಇಳಿದಾಗ ಒಂದು ಮುಚ್ಚಳ ಹಾರಿತು. ಪುರಭವನ ಮುಟ್ಟಿದಾಗ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಎದೆಯಿಂದ ಪಾದದವರೆಗೆ ಹಾಲು ಮೆತ್ತಿಕೊಂಡ ಹೆಂಗಸಿಗೆ ಜವಾನ ಬಹುಮಾನದ ಗಡಿಯಾರವನ್ನು ಪೆಟ್ಟಿಗೆಯ ಸಮೇತ ಕೊಟ್ಟು, ಇಲ್ಲಿ ಹೆಬ್ಬೆಟ್ಟು ಒತ್ತಿ ಎಂದ. ಅದನ್ನೆಲ್ಲ ಕಂಡು ಅವನಿಗೆ ಒಳಗೊಳಗೇ ಏನೋ ಹಿಂಡಿತು. ಹಿಂಡಿದ್ದಕ್ಕೇ ಇರಬೇಕು, ಬಾಯಲ್ಲಿ ಬಂದದ್ದು ನಗು. “ಹೋಗ್ಲಿ ಬಿಡಕ್ಕ, ಒಂದು ಗಡಿಯಾರ ತಾನೆ. ಇಷ್ಟಕ್ಕೆ ಸಭೆ ಬೇರೆ!”

ವಾಪಸು ಬಂದು ಇಳಿಯುವಾಗ ಅಕ್ಕ ಬೈಯಲಿಲ್ಲ. ಬೈದಿದ್ದರೆ ಸಂಜೆಗೆ ಮುಗಿಯುತ್ತಿತ್ತು. ಮುಂದಿನ ಕಿಟಕಿಯ ಹತ್ತಿರ ಬಂದು ಮೀಟರನ್ನು ನೋಡಿದಳು, ಗಾಜಿನ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದಳು. “ಇದು ನನ್ನ ನಂಬರು ತೋರಿಸಿದ ದಿನ ನಾನು ಈ ಗಾಡಿಗೆ ಕಾಲಿಡೋದು” ಎಂದು ಒಳಗೆ ಹೋದಳು. ಕಾಗೆ ಬೆಳ್ಳಗಾದ ದಿನ ಅಂದ ಹಾಗೆ ಅಂದಳೇ, ನಿಜಕ್ಕೂ ಗಡುವು ಕೊಟ್ಟಳೇ, ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಅಕ್ಕ ಮಾತು ಬಿಡದೆ ಇದ್ದದ್ದೇ ಕಷ್ಟವಾಗಿತ್ತು. ಹಬೆಯಾಡುವ ಅನ್ನಕ್ಕೆ ಕರೆಯುತ್ತಿದ್ದಳು, ಅವನ ಅಂಗಿಗೆ ಗುಂಡಿ ಹಾಕಿಕೊಡುತ್ತಿದ್ದಳು. ಗಾಡಿಗೆ ಮಾತ್ರ ಹತ್ತುತ್ತಿರಲಿಲ್ಲ. ಅವನ ಮಗಳಿಗೆ ಜ್ವರ ಬಂದಾಗಲೂ ಬಿಸಿಲಲ್ಲಿ ನಡೆದುಕೊಂಡೇ ಬಂದಿದ್ದಳು. ಪಕ್ಕದಲ್ಲಿ ಇವನ ವ್ಯಾನು ಆಮೆಯ ಹಾಗೆ ತೆವಳುತ್ತ ಬರುತ್ತಿತ್ತು. ನೋಡಿದವರು ಹೆಣ್ಣು ನೋಡಲು ಬಂದವನೆಂದು ತಿಳಿಯಬೇಕು ಎಂದು ಹೆಂಡತಿ ರೇಗಿಸಿದ್ದಳು. “ಒಂದು ತಪ್ಪಾಯ್ತು ಅನ್ನೋಕೆ ನಿಮಗೇನು ನಾಲಿಗೆ ಸವೆಯುತ್ತಾ? ಅಕ್ಕ ತಮ್ಮ ಇಬ್ರೂ ಒಂದೇ ಮರದ ಕೊರಡು.” ಅವನು, ಮೀಟರು ಬರಲಿ ಎನ್ನುತ್ತಿದ್ದ. ನಾಲಿಗೆಯ ಕೆಲಸವನ್ನು ಮೀಟರಿಗೆ ಗುತ್ತಿಗೆ ಕೊಟ್ಟು ನಿಶ್ಚಿಂತೆಯಾಗಿದ್ದ. ಲಕ್ಷ ದಾಟಿ ನಲವತ್ತು ಸಾವಿರ ಆದ ಮೇಲೆ ನಿದ್ದೆ ಕೆಟ್ಟಿತು. ಮುಂದಿನ ತಿಂಗಳು ಡೈರಿಗೆ ಟ್ಯಾಂಕರು ಬರುತ್ತದೆ, ವ್ಯಾನು ಗುಜರಿಗೆ ಹೋಗುತ್ತದೆ. ಇವತ್ತು ತಪ್ಪಿದರೆ ಅಕ್ಕ ತನ್ನ ಮಾತಿನಿಂದ ಇಳಿದು ಬರಲು ಇನ್ನೊಂದು ಮೆಟ್ಟಿಲಿಲ್ಲ. ಅವಳು ಜಿಗಿಯುವವಳಲ್ಲ.

ರಸ್ತೆ ಖಾಲಿಯಿತ್ತು. ಬೇಲಿಗಳ ಮೇಲೆ ಜೇಡರ ಬಲೆಗಳು ಇಬ್ಬನಿ ಹೊತ್ತು ಜೋಲುತ್ತಿದ್ದವು. ಅವನು ಬಾಗಿಲಲ್ಲಿ ಹೇಗೆ ನಿಲ್ಲಿಸಬೇಕು ಎಂದು ಯೋಚಿಸಿದ. ಹಾರ್ನು ಮಾಡಬಾರದು, ಗರ್ವವಾದೀತು. ಸುಮ್ಮನೆ ಇಳಿದು, ಬಾಗಿಲು ತೆರೆದು ಹಿಡಿದು, ಅಕ್ಕ ನೋಡಿಲ್ಲಿ ಅನ್ನಬೇಕು. ಅಷ್ಟೇ. ಮಿಕ್ಕದ್ದು ಆರು ಅಂಕಿ ನೋಡಿಕೊಳ್ಳುತ್ತವೆ. ಅವಳು ಮೀಟರು ನೋಡಿ, ಎರಡರಿಂದ ಗುಣಿಸು ನೋಡೋಣ ಎನ್ನಬಹುದು. ಎಂದರೆ ತಡವರಿಸಬಾರದು. ಎರಡು ಲಕ್ಷ ಎಂಬತ್ತೈದು ಸಾವಿರದ ಏಳುನೂರ ಹದಿನಾಲ್ಕು. ಮೂರಕ್ಕೆ ನಾಲ್ಕು ಲಕ್ಷ... ಯಾರೋ ಕೂಗುತ್ತಿದ್ದರು. ಕನ್ನಡಿಯಲ್ಲಿ ಮೂಲೆಮನೆಯಾಕೆ ಕೈಯಾಡಿಸುತ್ತ ಓಡಿಬರುತ್ತಿದ್ದಳು, ಅವಳ ಕ್ಯಾನು ತೋಟದ ಗೇಟಿನ ಹತ್ತಿರವೇ ಉಳಿದಿತ್ತಂತೆ, “ಅಣ್ಣಾ, ಎರಡೇ ನಿಮಿಷ, ನಿನಗೆ ಪುಣ್ಯ ಬರ್ಲಿ, ಹಾಲು ಒಡೆದ್ರೆ ನನ್ನ ಅತ್ತೆ ನನ್ನನ್ನೇ ಕಾಯಿಸ್ತಾಳೆ.” ನಾಲ್ಕು ಲಕ್ಷ ಇಪ್ಪತ್ತೆಂಟು ಸಾವಿರದ ಐನೂರ ಎಪ್ಪತ್ತೊಂದು ಎನ್ನುತ್ತ ಅವನು ವ್ಯಾನು ತಿರುಗಿಸಿದ. ತಿರುಗಿಸಿದ್ದು ಕೈ. ಒಂದು ಕಿಲೋಮೀಟರು ಹಿಂದಕ್ಕೆ, ಕ್ಯಾನು ಎತ್ತಿ ಹಾಕಿದ್ದು, ಮತ್ತೆ ಅದೇ ಒಂದು ಕಿಲೋಮೀಟರು ಮುಂದಕ್ಕೆ. ಎಲ್ಲವೂ ನಿದ್ದೆಯಲ್ಲಿ ನೊಣ ಓಡಿಸಿದ ಹಾಗೆ ನಡೆದುಹೋಯಿತು. ಐದಕ್ಕೆ ಏಳು ಮುಂದೆ, ಆರಕ್ಕೆ ಎಂಟು ಮುಂದೆ. ಎಲ್ಲವೂ ಬಾಯಿಪಾಠವಾಗಿತ್ತು. ಮುಖ ಅರಳಿ ಒಮ್ಮೆ ಮೀಟರಿನತ್ತ ನೋಡಿದ.

ಬ್ರೇಕು ಒತ್ತಿದ ರಭಸಕ್ಕೆ ಹಿಂದಿನ ಕ್ಯಾನುಗಳೆಲ್ಲ ಒಂದನ್ನೊಂದು ಗುದ್ದಿಕೊಂಡು ಬೈದವು.

ಮೀಟರಿನ ಕೊನೆಯ ಮನೆಯಲ್ಲಿ ಏಳು ಮೇಲಕ್ಕೆ ಸರಿದುಹೋಗುತ್ತಿತ್ತು. ಅದರ ಬಾಲ ಇನ್ನೂ ಕಾಣುತ್ತಿತ್ತು. ಕೆಳಗಿಂದ ಎಂಟರ ತಲೆ ಬಂದಾಗಿತ್ತು. ಅಂದರೆ ಏಳು ಯಾವಾಗಲೋ ಬಂದು, ಇಡೀ ಒಂದು ಕಿಲೋಮೀಟರು ಅವನ ಮೊಣಕಾಲಿನ ಮುಂದೆ ಕೂತು, ಇವನು ತನ್ನದೇ ಮಗ್ಗಿಯನ್ನು ಹಾಡಿಕೊಳ್ಳುತ್ತಿರುವುದನ್ನು ಕೇಳಿ ಹೊರಟುನಿಂತಿತ್ತು. ಅಕ್ಕನ ಮನೆ ಇನ್ನೂ ಒಂದು ಕಿಲೋಮೀಟರು ದೂರ. ರಸ್ತೆಬದಿಯಲ್ಲಿ ಕಟ್ಟಿದ್ದ ಒಂದು ಹಸು ಅವನನ್ನು ನೋಡಿತು. ಆ ಹಸುವಿನ ಮುಖದಲ್ಲೂ ಶಾಲೆಯ ಮೇಷ್ಟ್ರ ಕಳೆಯಿದ್ದ ಹಾಗೆ ಅವನಿಗೆ ಕಂಡಿತು. ಇನ್ನೊಂದು ಗೇಣು ಮುಂದೆ ಹೋದರೂ ಬಾಲ ಹೋಗುತ್ತದೆ. ಕೀಲಿ ತೆಗೆದು, ಕೈಬ್ರೇಕು ಎಳೆದು, ವ್ಯಾನನ್ನು ನಡುರಸ್ತೆಯಲ್ಲೇ ಬಿಟ್ಟು ಓಡಿದ. ಸ್ವಲ್ಪ ದೂರಕ್ಕೇ ಪಕ್ಕೆ ಹಿಡಿಯಿತು. ಮಿಕ್ಕ ದಾರಿಯನ್ನು, ಓಡುವುದಕ್ಕೂ ನಡೆಯುವುದಕ್ಕೂ ನಡುವಿನ, ನಾಚಿಕೆಗೇಡಿನ ಒಂದು ಕುಪ್ಪಳಿಕೆಯಲ್ಲಿ ಮುಗಿಸಿದ.

ಅಕ್ಕ ಯಂತ್ರದ ಮುಂದೆ ಕೂತು ಯಾರದೋ ಅಂಗಿಯ ತೋಳಿಗೆ ತೇಪೆ ಹಾಕುತ್ತಿದ್ದಳು. ತಲೆಯೆತ್ತಿ ನೋಡಿದಳು. “ಏನೋ, ನಡ್ಕೊಂಡು? ಗಾಡಿ ಮಾರ್ಬಿಟ್ಯಾ?”

“ರಸ್ತೇಲಿದೆ. ಬಾ ಅಕ್ಕ, ಬೇಗ ಬಾ.”

“ಯಾರಿಗೇನಾಯ್ತೋ?”

“ಏಳು ಹೋಗ್ತಾ ಇದೆ.”

ಅಕ್ಕನ ಕಾಲು ಪೆಡಲಿನ ಮೇಲೆ ನಿಂತಿತು. ಸೂಜಿ ಬಟ್ಟೆಯೊಳಗೇ ಉಳಿಯಿತು. “ಎಷ್ಟು ಉಳಿದಿದೆ?” ಎಂದಳು.

“ಬಾಲ.”

“ನನ್ನ ಬಾಗಿಲಿಗೆ ತರೋಕಾಗ್ಲಿಲ್ವಾ ನಿನಗೆ?”

“ಮೂಲೆಮನೆಯಾಕೆ ಕ್ಯಾನು ಬಿಟ್ಟಿದ್ಲು. ತಿರುಗಿಸ್ದೆ. ನನಗೇ ಗೊತ್ತಾಗ್ಲಿಲ್ಲ.”

“ಗೊತ್ತಾಗಲ್ಲ. ನಿನಗೆ ಯಾವತ್ತು ಗೊತ್ತಾಗಿದೆ” ಎನ್ನುತ್ತಲೇ ಅಕ್ಕ ಎದ್ದು ಚಪ್ಪಲಿ ಹುಡುಕುತ್ತಿದ್ದಳು. ಒಂದು ಸಿಕ್ಕಿತು, ಇನ್ನೊಂದು ಬಟ್ಟೆಯ ಗಂಟಿನ ಕೆಳಗೆ ಸೇರಿತ್ತು. ಅವನು ಮಂಡಿಯೂರಿ ಎಳೆದುಕೊಟ್ಟ. ಕೊರಳಿನ ಅಳತೆಪಟ್ಟಿ ತೆಗೆಯುವುದನ್ನೂ ಮರೆತು ಅವಳು ಹೊರಟಳು. ಅವನಿಗಿಂತ ದೊಡ್ಡವಳು, ಆದರೂ ನಡಿಗೆಯಲ್ಲಿ ಅವನೇ ಹಿಂದೆ ಬಿದ್ದ. “ಉಸಿರು ನೋಡು, ಕಮ್ಮಾರನ ಹಳೇ ತಿದಿ ಹಾಗೆ. ದಿನವೂ ಕೂತೇ ಊರು ಸುತ್ತಿದ್ರೆ ಇನ್ನೇನಾಗುತ್ತೆ. ನಾನು ನೋಡು, ಎರಡು ವರ್ಷದಿಂದ ನಡೆದೂ ನಡೆದೂ ಗಟ್ಟಿಯಾಗಿದ್ದೀನಿ. ಆ ಪುಣ್ಯ ನಿನ್ನದೇ.” ಇದು ಬೈಗುಳವೋ ತಮಾಷೆಯೋ ಎಂದು ತೂಗಿನೋಡುತ್ತ ಅವನು ಕುಪ್ಪಳಿಸಿದ. ಅವಳು ನಗುತ್ತಿದ್ದಳೆಂದೇ ಅನ್ನಿಸಿತು. ಎದುರು ಬಿಸಿಲು, ಮುಖ ಕಾಣಲಿಲ್ಲ.

ಕೊನೆಯ ತಿರುವು ದಾಟಿದರು. ವ್ಯಾನು ನಡುರಸ್ತೆಯಲ್ಲಿರಲಿಲ್ಲ. ಅಂಚಿಗೆ, ಹಸುವಿನ ಪಕ್ಕಕ್ಕೆ, ತೀರ ಒಪ್ಪವಾಗಿ ನಿಂತಿತ್ತು. ಹುಲ್ಲು ತುಂಬಿದ ಟ್ರ್ಯಾಕ್ಟರಿನವನು ಕೈಯ ಧೂಳು ಕೊಡವಿಕೊಳ್ಳುತ್ತಿದ್ದ.

“ಯಾರಯ್ಯಾ ಹಿಂಗೆ ಅಡ್ಡ ಬಿಟ್ಟು ಹೋಗೋದು? ಪುಣ್ಯಕ್ಕೆ ಬಾಗಿಲು ತೆಗೆದೇ ಇತ್ತು. ಬ್ರೇಕು ಇಳಿಸಿ ಒಬ್ಬನೇ ತಳ್ಳಿದೆ. ಒಬ್ಬನೇ!” ಮೆಚ್ಚುಗೆಗಾಗಿ ಇಬ್ಬರ ಮುಖ ನೋಡಿದ.

ಅವನು ನೋಡಲು ಹೋಗಲಿಲ್ಲ. ಅಕ್ಕ ಹೋಗಿ ಕಿಟಕಿಯಲ್ಲಿ ಬಗ್ಗಿದಳು. ಕೊನೆಯ ಮನೆಯಲ್ಲಿ ಎಂಟು ಕಾಲು ಚಾಚಿ ಕೂತಿತ್ತು.

“ಹಿಂದಕ್ಕೆ ತಳ್ಳೋಣ” ಎಂದ ಅವನು. “ಹಳೇ ಮೀಟರು ಅಕ್ಕ, ಹಿಂದಕ್ಕೂ ತಿರುಗುತ್ತೆ. ಮೂರು ಜನ ಇದ್ದೀವಿ.”

“ಹಿಂದಕ್ಕೆ ತಳ್ಳಿ ತಂದ ನಂಬರು ನನಗೆ ಯಾಕೋ?”

ಟ್ರ್ಯಾಕ್ಟರಿನವನು ಏನೋ ಕೇಳಲು ಬಾಯಿ ತೆರೆದವನು, ಒಡಹುಟ್ಟಿದವರ ಮುಖ ಕಂಡು ಮುಚ್ಚಿಕೊಂಡ. ಇಂಥ ಜಾಗದಲ್ಲಿ ನಿಲ್ಲಬಾರದೆಂಬ ತಿಳಿವಳಿಕೆ ಅವನಿಗಿತ್ತು. ಹುಲ್ಲಿನ ಗುಡ್ಡ ತೂಗಾಡುತ್ತ ಹೊರಟುಹೋಯಿತು. ಹಿಂದೆ ಬಿದ್ದ ನಾಲ್ಕು ಎಸಳನ್ನು ಹಸು ನಾಲಿಗೆ ಚಾಚಿ ಎಳೆದುಕೊಂಡಿತು.

“ಹಾಗಾದ್ರೆ ಮುಂದಿನದು ಎರಡು ಲಕ್ಷ ಎಂಬತ್ತೈದು ಸಾವಿರಕ್ಕೆ” ಎಂದ ಅವನು. “ಅಷ್ಟರಲ್ಲಿ ಗಾಡಿ ಗುಜರಿ ಸೇರಿರುತ್ತೆ. ನಾನೂ.”

“ಲೋ.” ಅಕ್ಕ ಕೊರಳಿನ ಅಳತೆಪಟ್ಟಿಯನ್ನು ಈಗ ಗಮನಿಸಿ ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. “ಆವತ್ತು ನನಗೆ ಬಂದ ಸಿಟ್ಟಿಗೆ ಎಂಟು ಲಕ್ಷ ಐವತ್ತೇಳು ಸಾವಿರ ಅಂತಲೂ ಹೇಳಬಹುದಿತ್ತು. ಅದೂ ಅವೇ ಆರು ಅಂಕಿ, ಅದೂ ನನ್ನದೇ. ಇರೋದ್ರಲ್ಲಿ ಚಿಕ್ಕದು ಯಾವುದು ಅಂತ ನೋಡಿ ಅದನ್ನೇ ಹೇಳಿದೆ. ಅಷ್ಟೂ ಹೊಳೀಲಿಲ್ವೇನೋ ನಿನಗೆ?”

ಹೊಳೆದಿರಲಿಲ್ಲ. ಎರಡು ವರ್ಷ ಆ ಸಂಖ್ಯೆಯನ್ನು ಆರು ಬಗೆಯಲ್ಲಿ ತಿರುಗಿಸಿ ನೋಡಿದ್ದ. ಆರರಲ್ಲಿ ಅದೇ ಚಿಕ್ಕದು ಎಂಬುದು ಕಣ್ಣಿಗೆ ಹೊಡೆಯುವಂತಿತ್ತು. ಅದನ್ನು ಕರುಣೆಯೆಂದು ಎಣಿಸಿರಲಿಲ್ಲ. ಅವನಿಗೆ ಮೈಯೆಲ್ಲ ಬೆಚ್ಚಗಾಯಿತು, ಜೊತೆಗೇ ಅವಮಾನವಾಯಿತು. ವ್ಯಾನಿನ ಬಿಸಿ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತ. ಅದರೊಳಗೆ ಏನೋ ಟಿಕ್ ಟಿಕ್ ಎಂದು ಆರುತ್ತಿತ್ತು. ಇನ್ನು ಅವನ ಪರವಾಗಿ ಮಾತಾಡುವವರು ಯಾರೂ ಉಳಿದಿರಲಿಲ್ಲ.

“ಆವತ್ತು ಕಾರ್ಯದರ್ಶೀನ ಇಳಿಸಬೇಕಿತ್ತು” ಎಂದ, ಹಸುವಿಗೆ ಹೇಳುವವನಂತೆ. “ನಿನ್ನ ಹಿಂದೆ ಕೂರಿಸಬಾರದಿತ್ತು. ಅದೂ ಹೋಗ್ಲಿ. ನಾನು ನಕ್ಕೆನಲ್ಲ, ಒಂದು ಗಡಿಯಾರ ತಾನೆ ಅಂತ. ಅದು... ನಿನಗೆ ಅವರೆಲ್ಲರೆದುರು ಚಪ್ಪಾಳೆ ಸಿಗಬೇಕಿತ್ತು ಅಕ್ಕ. ನಾನು ತಪ್ಪಿಸಿದೆ. ತಪ್ಪಾಯ್ತು.”

ನಾಲಿಗೆ ಸವೆಯಲಿಲ್ಲ. ಆದರೆ ಕಿವಿ ಕಾದು ಕೆಂಡವಾದವು, ಶಾಲೆಯಲ್ಲಿ ಬೆಂಚಿನ ಮೇಲೆ ನಿಂತಾಗ ಆಗುತ್ತಿದ್ದ ಹಾಗೆ. ಅಕ್ಕನ ಗಲ್ಲ ಒಮ್ಮೆ ನಡುಗಿತು. ನಡುಗಿದ್ದಕ್ಕೆ ಸಿಟ್ಟಾದವಳಂತೆ ಮೂಗು ಏರಿಸಿ, “ಕುರ್ಚಿ ಪೇರಿಸ್ತಾ ಇದ್ರು ಕಣೋ” ಎಂದಳು. “ನಾನು ಒಂದು ಮಾತು ಸಿದ್ಧ ಮಾಡ್ಕೊಂಡು ಹೋಗಿದ್ದೆ, ಮೈಕಿನಲ್ಲಿ ಹೇಳೋಕೆ.”

“ಏನಂತ?”

“ಈಗ್ಯಾಕೆ? ಬಾಗಿಲು ತೆಗಿ, ಹಾಲು ಒಡೆದುಹೋಗುತ್ತೆ.”

ಅವನು ಎಡಗಡೆಯ ಬಾಗಿಲು ತೆಗೆದ. ಅಕ್ಕ ಹತ್ತಿ ಕೂತಳು. ಸೀಟಿನ ಸ್ಪ್ರಿಂಗು ಕಿರುಗುಟ್ಟಿತು. ಇದೇನು ಸೀಟೋ ಮುಳ್ಳುಹಂದಿಯೋ ಎಂದು ಗೊಣಗಿದಳು. ಆ ಒಂದು ಕಿಲೋಮೀಟರು ಇಬ್ಬರೂ ಮೀಟರಿನ ಕಡೆ ನೋಡಲಿಲ್ಲ. ಮನೆಯ ಮುಂದೆ ನಿಲ್ಲಿಸಿದಾಗ ಅವನಿಗೆ ಹಗುರಾಗಿತ್ತು. ಎಷ್ಟು ಹಗುರ ಎಂದರೆ, ಬಾಯಿ ಮುಚ್ಚಿಕೊಂಡಿರಲಾಗಲಿಲ್ಲ.

“ಹಾಗಾದ್ರೆ ತೀರಿತಲ್ಲ ಅಕ್ಕ? ನಿನ್ನ ಬಾಕಿ?”

ಅಕ್ಕ ಇಳಿದು ಕಿಟಕಿಗೆ ಒರಗಿದಳು. “ನನ್ನ ನಂಬರು ಎಲ್ಲಿಂದ ಬಂತು ಅಂತ ಚಿಕ್ಕವನಿದ್ದಾಗ ತಲೆ ತಿಂತಿದ್ದೆಯಲ್ಲ. ಮನೆಗೆ ಹೋಗಿ ಒಂದನ್ನ ಏಳರಿಂದ ಭಾಗಿಸು. ಶೇಷ ಸೊನ್ನೆ ಬಂದ ಕೂಡಲೇ ಬಂದು ಹೇಳು. ತೀರಿತು ಅಂತ ಬರ್ಕೊಡ್ತೀನಿ.”

ಮಧ್ಯಾಹ್ನ ಖಾಲಿ ಕ್ಯಾನುಗಳನ್ನು ಹಿತ್ತಲಿನ ಸಿಮೆಂಟು ಕಟ್ಟೆಯ ಮೇಲೆ ತೊಳೆದು ಬೋರಲು ಹಾಕಿದ ಮೇಲೆ, ಅವನು ಕುಕ್ಕರಗಾಲಲ್ಲಿ ಕೂತು ಒದ್ದೆ ಬೆರಳಿನಿಂದ ಭಾಗಾಕಾರ ಹಾಕಿದ. ಒಂದರಲ್ಲಿ ಏಳು ಹೋಗುವುದಿಲ್ಲ, ಸೊನ್ನೆ, ಚುಕ್ಕಿ. ಹತ್ತರಲ್ಲಿ ಒಂದು ಸಲ, ಉಳಿದದ್ದು ಮೂರು. ಮೂವತ್ತರಲ್ಲಿ ನಾಲ್ಕು, ಉಳಿದದ್ದು ಎರಡು. ಇಪ್ಪತ್ತರಲ್ಲಿ ಎರಡು, ಉಳಿದದ್ದು ಆರು. ಅಲ್ಲಿಗೆ ಅವನ ಬೆರಳು ತಡೆಯಿತು. ಒಂದು, ನಾಲ್ಕು, ಎರಡು. ಉಸಿರು ಬಿಗಿಹಿಡಿದು ಮುಂದುವರಿಸಿದ: ಎಂಟು, ಉಳಿದದ್ದು ನಾಲ್ಕು, ಐದು, ಉಳಿದದ್ದು ಐದು, ಏಳು. ಉಳಿದದ್ದು ಒಂದು. ಹೊರಟದ್ದೂ ಆ ಒಂದರಿಂದಲೇ. ಇನ್ನು ಮತ್ತೆ ಹತ್ತು, ಮತ್ತೆ ಮೂವತ್ತು. ಎತ್ತುಗಳು ಮಲಗುವ ಲಕ್ಷಣವೇ ಕಾಣಲಿಲ್ಲ.

ಹೆಂಡತಿ ಬಾಗಿಲಿಗೆ ಬಂದಳು. “ಅತ್ತಿಗೆ ಗಾಡಿ ಹತ್ತಿದ್ರಂತೆ? ಊರೆಲ್ಲ ಹೇಳ್ತಿದೆ. ಅಂತೂ ತೀರಿತು ಅನ್ನಿ ನಿಮ್ಮಿಬ್ಬರ ಲೆಕ್ಕ.”

“ಎಲ್ಲಿ ತೀರುತ್ತೆ” ಎಂದ ಅವನು, ತುಂಬ ಸಂತೋಷದಿಂದ. “ನಾಳೆ ಪೇಟೆಗೆ ಬರ್ತೀಯಾ ಅಂತ ಕೇಳ್ಬೇಕು ಅವಳನ್ನ.”

ಕಟ್ಟೆಯ ಅಂಚು ಮುಟ್ಟುವ ಹೊತ್ತಿಗೆ ಜಾಗ ಮುಗಿಯಿತು. ತಿರುಗಿ ನೋಡಿದರೆ, ಮೊದಲು ಬರೆದ ಒಂದು, ನಾಲ್ಕು, ಎರಡು ಬಿಸಿಲಿಗೆ ಆರಿ ಕಟ್ಟೆ ಮತ್ತೆ ಬರಿದಾಗಿತ್ತು. ಅವನು ಕೂತಲ್ಲಿಂದಲೇ ಕುಕ್ಕರಗಾಲಲ್ಲಿ ಹಿಂದಕ್ಕೆ ಸರಿದು, ಬೆರಳನ್ನು ಬಕೆಟ್ಟಿನಲ್ಲಿ ಅದ್ದಿ, ಅಲ್ಲಿಂದ ಮುಂದುವರಿಸಿದ.